ಎರಡು ಡಬ್ಬಿ, ಒಂದು ಕ್ರೇನು

ಅಡುಗೆಮನೆಯ ಮೇಜಿನಿಂದ
ಭಾನುವಾರ, ಬೆಳಿಗ್ಗೆ ಹತ್ತು ಗಂಟೆ

ಸಮಸ್ತ ಡಬ್ಬಿ, ಮುಚ್ಚಳ, ಸೌಟುಗಳ ಏಕೈಕ ಒಡತಿಯೂ, ಒಂದೇ ಒಂದು ಹುಬ್ಬೆತ್ತಿ ಇಬ್ಬರು ಹೆಣ್ಣುಮಕ್ಕಳನ್ನು ಹಾಸಿಗೆಯಿಂದ ಎಬ್ಬಿಸಬಲ್ಲ ಮಹಾಪ್ರತಾಪಿಯೂ, ಸದ್ಯಕ್ಕೆ ಅಜ್ಜಿಯ ಮುರಿದ ಕಾಲಿನ ಉಸ್ತುವಾರಿಯಲ್ಲಿ ದೂರದ ಊರಿನಲ್ಲಿ ಬೀಡುಬಿಟ್ಟವರೂ ಆದ ನನ್ನ ತಾಯಿಯವರ ಪಾದಗಳಿಗೆ, ಅವರ ಕಿರಿಯ ಮಗಳೂ ಮನೆಯವರಿಂದ ‘ಕಪಿ’ ಎಂಬ ಬಿರುದು ಪಡೆದವಳೂ ಆದ ನಾನು ಉದ್ದಕ್ಕೆ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಅಕ್ಕ ಕ್ಷೇಮ. ನಾನೂ ಕ್ಷೇಮ. ಕಾಲೂ ಕ್ಷೇಮವೆಂದು ನಂಬಿದ್ದೇನೆ.

ತಮ್ಮ ಪತ್ರ ತಲುಪಿತು. ಎರಡೇ ಸಾಲು. ಅಕ್ಕನಿಗೆ ಕೆಲಸದ ಜಾಗದಲ್ಲಿ ಹೊಟ್ಟೆ ಕೆಟ್ಟಿತಂತೆ, ಡಬ್ಬಿಯಲ್ಲಿ ಏನು ತಮಾಷೆ ಮಾಡಿದೆ ಎಂದು ಒಂದು. ನಾನು ಬರುವವರೆಗೆ ಅವಳ ಡಬ್ಬಿ ಮುಟ್ಟಿದರೆ ನೋಡು ಎಂದು ಇನ್ನೊಂದು. ಎರಡನ್ನೂ ಎದ್ದು ನಿಂತೇ ಓದಿದೆ. ಆರೋಪಿಯ ಹೇಳಿಕೆ ಹೀಗಿದೆ.

ತಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ. ವಿಚಾರಣೆ ಎಂದ ಮೇಲೆ ಹಿನ್ನೆಲೆ ಬೇಕಲ್ಲ. ಅಕ್ಕನಿಗೆ ಕ್ರೇನು ನಡೆಸುವ ಕೆಲಸದಲ್ಲಿ ಮೂವತ್ತು ದಿನದ ಪರೀಕ್ಷೆ. ಸೂಪರ್‌ವೈಸರ್ ಒಪ್ಪಿದರೆ ಮೇಲಿನ ಸೀಟು ಅವಳದು, ಇಲ್ಲದಿದ್ದರೆ ಮತ್ತೆ ಕೆಳಗೆ ಕಬ್ಬಿಣದ ಸರಳು ಕಟ್ಟುವ ಕೆಲಸ. ಬೆಳಿಗ್ಗೆ ಏಳಕ್ಕೆ ಏಣಿ ಹತ್ತಿದರೆ ಇಳಿಯುವುದು ಸಂಜೆ ನಾಲ್ಕಕ್ಕೆ. ಇನ್ನೂರ ಹನ್ನೆರಡು ಮೆಟ್ಟಿಲು, ಎರಡೂ ಕೈ ಏಣಿಗೇ ಬೇಕು, ಊಟ ಬೆನ್ನ ಮೇಲೆ. ತುದಿಯಲ್ಲಿರುವುದು ನಮ್ಮ ಬಟ್ಟೆ ಬೀರುವಿನಷ್ಟು ಗಾಜಿನ ಕೋಣೆ. ಅಲ್ಲಿ ಫ್ರಿಜ್ಜಿಲ್ಲ, ಬಿಸಿ ಮಾಡಿಕೊಳ್ಳಲು ಒಲೆಯಿಲ್ಲ, ಆದರೆ ಹನ್ನೊಂದು ಗಂಟೆಗೆ ಕೋಣೆಯೇ ಒಲೆ. ಸಾಲದ್ದಕ್ಕೆ ಡಾಕ್ಟರು ಗೋಧಿ ಮುಟ್ಟಲೇಬೇಡ ಎಂದಿದ್ದಾರೆ. ಬ್ರೆಡ್ಡಿಲ್ಲ, ಬನ್ನಿಲ್ಲ, ಬಿಸ್ಕತ್ತಿಲ್ಲ.

ಇಂಥ ಡಬ್ಬಿಯನ್ನು ನೀನು ನನ್ನ ಕೈಗೆ ಕೊಟ್ಟು ಹೋದೆ. (ತಾವು ತಾವು ಎಂದು ಬರೆದು ಬೆರಳು ನೋಯುತ್ತಿದೆ. ಇನ್ನು ಮುಂದೆ ನೀನು.)

ಮೊದಲ ದಿನ ಬಿಸಿ ಅನ್ನವನ್ನು ಹಾಗೇ ತುಂಬಿ ಮುಚ್ಚಳ ಒತ್ತಿದೆ. ಮಧ್ಯಾಹ್ನಕ್ಕೆ ಅನ್ನ ಹಳಸಿತ್ತು. ಎರಡನೆಯ ದಿನ ಜೋಳದ ಹಿಟ್ಟು ಕಲಸಿ ದಪ್ಪ ಬಿಲ್ಲೆಗಳನ್ನು ಸುಟ್ಟು ಕಳಿಸಿದೆ. ಸಂಜೆ ಅಕ್ಕ ಚಪ್ಪಲಿ ಬಿಡುತ್ತಲೇ, “ಅವನ್ನ ಮೇಸ್ತ್ರಿಗೆ ಕೊಟ್ಟೆ ಕಣೇ, ಅಡಿಪಾಯಕ್ಕೆ ಹಾಕ್ತಾರಂತೆ” ಎಂದಳು. ಆಗ ನಾನು ಛಲ ತೊಟ್ಟೆ. ವಾರದೊಳಗೆ ಈ ಶಾಸ್ತ್ರದಲ್ಲಿ ನನಗೆ ಸಮಾನರಿರಲಿಲ್ಲ. ಕೇಳು: ಒದ್ದೆಯದೂ ಒಣಗಿದ್ದೂ ಒಂದೇ ಡಬ್ಬಿಯಲ್ಲಿ ಸಂಸಾರ ಮಾಡಲಾರವು. ಸೌತೆಕಾಯಿಯನ್ನು ಮನೆಯಲ್ಲೇ ಹೆಚ್ಚಿದರೆ ಒಂದು ಗಂಟೆಯೊಳಗೆ ಅಳಲು ಶುರುಮಾಡುತ್ತದೆ; ಇಡಿಯಾಗಿ ಕಳಿಸಿ ಪುಟ್ಟ ಚಾಕು ಜೊತೆಗಿಡಬೇಕು. ನಿಂಬೆಹಣ್ಣೂ ಹಾಗೆಯೇ. ಬಾಳೆಹಣ್ಣು ಏಣಿಯ ಅರ್ಧದಲ್ಲೇ ಪ್ರಾಣ ಬಿಡುತ್ತದೆ, ಸೇಬು ತುದಿ ಮುಟ್ಟುತ್ತದೆ. ಹುರಿದ ಕಡಲೆ, ಶೇಂಗಾ, ಖರ್ಜೂರ ಬಿಸಿಲಿಗೆ ಹೆದರುವ ಪೈಕಿಯಲ್ಲ. ಜೋಳದ ಬಿಲ್ಲೆಯನ್ನು ಕಾಗದದಷ್ಟು ತೆಳ್ಳಗೆ ತಟ್ಟಿ, ಗರಿಗರಿಯಾಗಿ ಸುಟ್ಟು, ಪೂರ್ತಿ ಆರಿದ ಮೇಲೇ ಮುಚ್ಚಳ. ಬ್ರೆಡ್ಡು ಕೊಯ್ಯುವ ಹಲಗೆ ಮತ್ತು ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಗಡಿಪಾರು ಮಾಡಿದ್ದೇನೆ, ಬಂದ ಮೇಲೆ ಹುಡುಕಬೇಡ.

ಈಗ ಹನ್ನೆರಡನೆಯ ದಿನದ ಘಟನೆಗೆ ಬರುತ್ತೇನೆ.

ಹೋದ ವರ್ಷ ಮೂಲಂಗಿ ಬಿಲ್ಲೆಗಳ ನಡುವೆ ಮೇಣದಬತ್ತಿಯ ಬಿಲ್ಲೆ ಸೇರಿಸಿ ಅಕ್ಕನ ತಟ್ಟೆಗೆ ಇಟ್ಟವಳು ನಾನೇ. ಅದಕ್ಕೆ ಶಿಕ್ಷೆ ಆಗಿದೆ, ಮತ್ತೆ ಎತ್ತುವಂತಿಲ್ಲ. ಆದರೆ ಆ ದಿನ ಡಬ್ಬಿಯ ಒಳಗೆ ನಾನು ಏನೂ ಮಾಡಲಿಲ್ಲ, ಅಮ್ಮ. ಮೇಲೆ ಮಾಡಿದೆ. ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದೆ: ‘ತೆರೆಯುವ ಮುನ್ನ ಮನೆಯವರನ್ನೆಲ್ಲ ಒಮ್ಮೆ ನೆನೆದುಕೊಳ್ಳತಕ್ಕದ್ದು.’ ಅಷ್ಟೇ. ಒಳಗಿದ್ದದ್ದು ಅಲ್ಲಿಯವರೆಗಿನ ನನ್ನ ಅತ್ಯುತ್ತಮ ಊಟ.

ಅಕ್ಕ ಚೀಟಿ ಓದಿದಳು, ಮೇಣದಬತ್ತಿ ನೆನಪಾಯಿತು, ಡಬ್ಬಿ ತೆರೆಯಲೇ ಇಲ್ಲ. ಕೆಳಗೆ ನಿಂತು ಕೈಸನ್ನೆಯಲ್ಲಿ ಕ್ರೇನಿಗೆ ದಾರಿ ತೋರಿಸುವವರೊಬ್ಬರಿದ್ದಾರೆ, ಎಲ್ಲರಿಗೂ ಸಿಗ್ನಲ್ ಮಾಮ. ಹಗ್ಗದ ಚೀಲದಲ್ಲಿ ನನ್ನ ಡಬ್ಬಿಯನ್ನು ಅವರಿಗೆ ಇಳಿಸಿ, ಅವರ ಡಬ್ಬಿಯನ್ನು ಮೇಲಕ್ಕೆ ಎಳೆದುಕೊಂಡಳು. ಅದರಲ್ಲಿ ಬ್ರೆಡ್ಡು. ಹಸಿದಿದ್ದಳು. ಒಂದು ದಿನಕ್ಕೆ ಏನಾಗುತ್ತೆ ಎಂದುಕೊಂಡು ತಿಂದಳು.

ಮೂರು ಗಂಟೆಗೆ ಹೊಟ್ಟೆನೋವು ಶುರುವಾಯಿತಂತೆ. ಆದರೂ ಎತ್ತಿದ ಹೊರೆಯನ್ನು ನಿಧಾನವಾಗಿ ನೆಲಕ್ಕೆ ಮುಟ್ಟಿಸಿ, ಕ್ರೇನು ನಿಲ್ಲಿಸಿ, ಇನ್ನೂರ ಹನ್ನೆರಡು ಮೆಟ್ಟಿಲು ಇಳಿದು, ಆಮೇಲೆ ಕುಸಿದು ಕೂತಳು. ಸೂಪರ್‌ವೈಸರ್ ಹೇಳಿದ್ದು ಇಷ್ಟು: “ಹೊಟ್ಟೆ ಸರಿಯಿಲ್ದೋರನ್ನ ಅಷ್ಟು ಎತ್ತರದಲ್ಲಿ ಕೂರಿಸಕ್ಕಾಗಲ್ಲಮ್ಮ. ಇನ್ನೊಂದ್ಸಲ ಹೀಗಾದ್ರೆ ನೀನು ಕೆಳಗೇ.” ಅಕ್ಕನನ್ನು ಮನೆಗೆ ತಲುಪಿಸಲು ಬಂದ ಸಿಗ್ನಲ್ ಮಾಮ ಮಾತ್ರ ತೊಳೆದ ಖಾಲಿ ಡಬ್ಬಿಯನ್ನು ನನ್ನ ಕೈಗಿತ್ತು, “ನಿಮ್ಮಕ್ಕ ದಿನಾ ಹೀಗೇ ಹೆದರಲಿ, ನಂಗೇನೂ ಬೇಜಾರಿಲ್ಲ” ಎಂದರು. ನನಗೆ ನಗು ಬರಲಿಲ್ಲ.

ಎರಡು ದಿನ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನೇ ಹೋಗಿ ಮಂಚದ ತುದಿಯಲ್ಲಿ ಕೂತೆ. “ನಿನ್ನ ಡಬ್ಬಿ ನಂಬಲ್ಲ ಅಂತಲ್ಲ ಕಣೇ ಕಪಿ,” ಎಂದಳು, “ಮುಚ್ಚಳ ತೆಗೆಯೋವಾಗ ಕೈ ತಾನಾಗೇ ಹಿಂದಕ್ಕೆ ಬರುತ್ತೆ.”

ಹೀಗಾಗಿ ಹದಿನೈದನೆಯ ದಿನದಿಂದ ಈ ಮನೆಯಲ್ಲಿ ಎರಡು ಡಬ್ಬಿಗಳು ಜಾರಿಗೆ ಬಂದವು. ಒಂದೇ ಅಳತೆ, ಒಂದೇ ಊಟ. ಒಂದು ಅಕ್ಕನ ಬೆನ್ನ ಮೇಲೆ. ಇನ್ನೊಂದು ಬೆಳಗಿನಿಂದ ನಮ್ಮ ತಾರಸಿಯ ತಗಡಿನ ಮೇಲೆ, ಅಲ್ಲಿನಷ್ಟೇ ಬಿಸಿಲಿನಲ್ಲಿ. ಒಂದು ಗಂಟೆಗೆ ಸೈರನ್ ಆಗುವಷ್ಟರಲ್ಲಿ ನಾನು ಕಟ್ಟಡದ ಎದುರು, ಸೈಕಲ್ ರಿಪೇರಿ ಅಂಗಡಿಯ ಮುಂದಿನ ಒಡೆದ ಸಿಮೆಂಟು ಕಟ್ಟೆಯ ಮೇಲೆ ಹಾಜರು. ಡಬ್ಬಿಯನ್ನು ಆಕಾಶಕ್ಕೆ ಎತ್ತಿ ತೋರಿಸುತ್ತೇನೆ. ಮೊದಲ ತುತ್ತು ತಿನ್ನುತ್ತೇನೆ. ಬಾಯಿ ತೆರೆದು ಖಾಲಿಯೆಂದು ತೋರಿಸುತ್ತೇನೆ. ಆಗ ಅಷ್ಟೆತ್ತರದ ಗಾಜಿನ ಕೋಣೆಯಲ್ಲಿ, ಒಂದು ಹನಿ ಮಳೆಯಿಲ್ಲದಿದ್ದರೂ, ವೈಪರ್ ಎರಡು ಸಲ ಅತ್ತಿತ್ತ ಆಡುತ್ತದೆ. ಅಂದರೆ ಅಕ್ಕನೂ ಮುಚ್ಚಳ ತೆಗೆದಳು ಎಂದು ಅರ್ಥ.

ಹದಿನಾರನೆಯ ದಿನದಿಂದ ಉಪ್ಪು ಒಂದೇ ಹದಕ್ಕೆ ಬಂದಿದೆ, ಬಿಲ್ಲೆಗಳು ದುಂಡಗೆ ಬರುತ್ತಿವೆ. ಹೇಗೆ ಎಂದು ವಿವರಿಸಿದರೆ ನನ್ನನ್ನು ನಾನೇ ಹೊಗಳಿಕೊಂಡಂತಾದೀತು.

ನಿನ್ನೆ ಮೂವತ್ತನೆಯ ದಿನ. ನಾನು ಬಾಯಿ ತೆರೆದು ನಿಂತಿರುವಾಗ ಸೂಪರ್‌ವೈಸರ್ ರಸ್ತೆ ದಾಟಿ ನೇರ ನನ್ನ ಹತ್ತಿರವೇ ಬಂದರು.

“ದಿನಾ ಇಲ್ಲಿ ನಿಂತು ಆಕಾಶಕ್ಕೆ ಬಾಯಿ ತೋರಿಸ್ತೀಯಲ್ಲ, ಯಾರಮ್ಮ ನೀನು?”

“ಊಟದ ಪರೀಕ್ಷಾಧಿಕಾರಿ, ಸಾರ್. ಮೇಲಿರೋದು ನಮ್ಮಕ್ಕ.”

ಅಷ್ಟರಲ್ಲಿ ವೈಪರ್ ಆಡಿತು. ಅವರು ಮೇಲೆ ನೋಡಿದರು, ನನ್ನ ಡಬ್ಬಿ ನೋಡಿದರು, ಮತ್ತೆ ಮೇಲೆ ನೋಡಿದರು. “ಇದಕ್ಕಾ? ಎರಡು ವಾರದಿಂದ ಮೆಕ್ಯಾನಿಕ್ಕಿಗೆ ಬೈತಿದ್ದೆನಲ್ಲ!” ಎಂದರು. ಒಂದು ಖರ್ಜೂರ ಕೊಟ್ಟೆ. ತಿಂದು, ಬೀಜವನ್ನು ಜೇಬಿಗೆ ಹಾಕಿಕೊಂಡು, ಹೋಗುವಾಗ ತಿರುಗಿ ಹೇಳಿದರು: “ಸೋಮವಾರದಿಂದ ಆ ಸೀಟು ಅವಳದೇ ಅಂತ ಹೇಳು. ವೈಪರಿನ ರಬ್ಬರು ಸವೆಸಬೇಡ ಅಂತಾನೂ ಹೇಳು.”

ಆದ್ದರಿಂದ ಮಹಾತಾಯಿ, ಚೀಟಿ ಅಂಟಿಸಿದ್ದು ನನ್ನ ತಪ್ಪು, ಅದನ್ನು ಒಪ್ಪಿ ಕಿವಿ ಹಿಡಿದುಕೊಂಡಿದ್ದೇನೆ. ಆದರೆ ಡಬ್ಬಿ ಮುಟ್ಟಬಾರದೆಂಬ ನಿನ್ನ ಆಜ್ಞೆಯನ್ನು ಈ ಕೂಡಲೇ ಹಿಂತೆಗೆದುಕೊಂಡು, ಈ ಮನೆಯ ಡಬ್ಬಿ ಕಟ್ಟುವ ಸರ್ವಾಧಿಕಾರವನ್ನು ನನಗೆ ಶಾಶ್ವತವಾಗಿ ದಯಪಾಲಿಸಬೇಕೆಂದು ಕೋರುತ್ತೇನೆ. ಇಂಥ ಕೈ ನಿನಗೆ ಇನ್ನೆಲ್ಲೂ ಸಿಗದು.

ಅಜ್ಜಿಯ ಕಾಲಿಗೆ ನನ್ನ ನಮಸ್ಕಾರ, ಎರಡಕ್ಕೂ.

ನಿನ್ನ ನಿರಪರಾಧಿ (ಬಹುಪಾಲು) ಮಗಳು,
ಕಪಿ

ಮರೆತದ್ದು: ಈ ಕಾಗದವನ್ನು ಅಕ್ಕ ಓದುವ ಮುನ್ನ ನಾನೇ ಹೇಳಿಬಿಡುತ್ತೇನೆ. ನಿನ್ನ ಆಜ್ಞೆ ಬರುವ ಮೊದಲೇ ಅದು ಪಾಲನೆಯಾಗಿತ್ತು. ಹದಿನಾರನೆಯ ದಿನದಿಂದ ಬೆಳಿಗ್ಗೆ ಐದಕ್ಕೆ ಎದ್ದು ಎರಡೂ ಡಬ್ಬಿ ಕಟ್ಟುತ್ತಿರುವವಳು ಅಕ್ಕನೇ. ನಾನು ಏಳುವುದು ಎಂಟಕ್ಕೆ. “ನೀನೇ ಕಟ್ಟಿದ ಮೇಲೆ ನಾನ್ಯಾಕೆ ಬಿಸಿಲಲ್ಲಿ ನಿಂತು ತಿಂದು ತೋರಿಸಬೇಕು?” ಎಂದು ಒಂದು ಸಂಜೆ ಅಕ್ಕನನ್ನು ಕೇಳಿದೆ. ಕಡಲೆ ಹುರಿಯುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದಳು: “ಮೇಲೆ ಒಬ್ಳೇ ತಿನ್ನೋಕೆ ಬೇಜಾರು ಕಣೇ. ಬಾ ಸುಮ್ನೆ.”