ನಾಲ್ಕನೇ ಮಹಡಿಯ ಬೀಗ, ಹದಿನಾಲ್ಕನೇ ಪ್ಯಾರಾದ ಹಾಲು

ಮಾರ್ಚ್ ಹನ್ನೊಂದು, ಮಂಗಳವಾರ, ಸಂಜೆ ಐದೂವರೆ. ಅಕ್ಕನ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಡಿದ್ದು ಗುರುವಾರ ನ್ಯಾಯಾಲಯದಲ್ಲಿ ನಮ್ಮ ಹನ್ನೊಂದನೇ ವಾಯಿದೆ. ಅಷ್ಟರೊಳಗೆ ಅಕ್ಕ ಒಂದು ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಹತ್ತೊಂಬತ್ತು ವರ್ಷದ ಈ ಅಂಗಡಿಯನ್ನು ಬಿಡಬೇಕು.

ಕಾನೂನು ಸುಧಾರಣಾ ಸಮಿತಿಯ ಅಧ್ಯಕ್ಷರೇ,

ಹಿಂದಿನ ಮೂರು ಪತ್ರಗಳಲ್ಲಿ ನಿಮ್ಮನ್ನು ‘ಮಾನ್ಯರೇ’ ಎಂದು ಕರೆದಿದ್ದೆ. ಆ ಮೂರಕ್ಕೂ ಸೇರಿ ನಿಮ್ಮ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂದಿತು. ಹಾಗಾಗಿ ಈ ಸಲ ಆ ಪದವನ್ನು ನನ್ನ ಹತ್ತಿರವೇ ಉಳಿಸಿಕೊಂಡಿದ್ದೇನೆ. ನನ್ನ ದೂರು ಇಷ್ಟೇ: ಕಂಡದ್ದನ್ನು ಹೇಳಿದವರ ಬಾಯಿ ಮುಚ್ಚಿಸಲೆಂದೇ ಹೂಡುವ ಹುರುಳಿಲ್ಲದ ದಾವೆಗಳನ್ನು ಹೊಸ್ತಿಲಲ್ಲೇ ತಡೆದು ವಜಾ ಮಾಡುವ ಕಾನೂನು ನಮ್ಮಲ್ಲಿಲ್ಲ. ಅದರ ಕರಡು ನಿಮ್ಮ ಸಮಿತಿಯ ಮುಂದೆ ಆರು ವರ್ಷದಿಂದ ಇದೆ. ಆರು ವರ್ಷದಲ್ಲಿ ನೀವು ಅದರ ಮೇಲೆ ನಾಲ್ಕು ಸಭೆ ನಡೆಸಿದ್ದೀರಿ, ಎರಡು ಸಲ ಶೀರ್ಷಿಕೆ ಬದಲಿಸಿದ್ದೀರಿ. ಶೀರ್ಷಿಕೆ ಈಗ ಬಹಳ ಚೆನ್ನಾಗಿದೆ.

ನಿಮಗೆ ತತ್ವಗಳು ರೂಢಿ, ಮೆಟ್ಟಿಲುಗಳು ರೂಢಿಯಿಲ್ಲ. ಆದ್ದರಿಂದ ಮೆಟ್ಟಿಲುಗಳಿಂದಲೇ ಶುರುಮಾಡುತ್ತೇನೆ.

ಇದು ನಾಲ್ಕು ಮಹಡಿಯ ಕಟ್ಟಡ. ನೆಲಮಟ್ಟದ ಹಿಂಭಾಗದಲ್ಲಿ ಅಕ್ಕನ ಅಂಗಡಿ: ಜಿಪ್ ಬದಲಿಸುವುದು, ಪ್ಯಾಂಟಿನ ಉದ್ದ ತಗ್ಗಿಸುವುದು, ಹರಿದದ್ದನ್ನು ಹರಿದೇ ಇಲ್ಲವೆಂಬಂತೆ ಹೊಲಿಯುವುದು. ನಾಲ್ಕನೇ ಮಹಡಿಯಲ್ಲಿ ಒಂದು ಟ್ಯೂಷನ್ ಕೇಂದ್ರ. ಮೂರು ಕೋಣೆ, ಸಂಜೆಯ ಪಾಳಿಗೆ ನೂರ ಅರವತ್ತು ಮಕ್ಕಳು. ಮುಂದೆ ಒಂದು ಲಿಫ್ಟು ಮತ್ತು ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದಾದ ಮೆಟ್ಟಿಲು. ಹಿಂದೆ ತುರ್ತು ಮೆಟ್ಟಿಲು. ಅದು ಇಳಿದು ಬರುವುದು ಅಕ್ಕನ ಅಂಗಡಿಯ ಬಾಗಿಲಿಗೆ. ಮಕ್ಕಳು ಪಾಠದ ನಡುವೆ ಆ ಮೆಟ್ಟಿಲಿಂದ ಜಾರಿಕೊಂಡು ಬಂದು ಅಕ್ಕನ ಹತ್ತಿರ ಚೀಲದ ಪಟ್ಟಿ ಹೊಲಿಸಿಕೊಳ್ಳುತ್ತಿದ್ದರು, ಹತ್ತು ನಿಮಿಷ ಹರಟುತ್ತಿದ್ದರು. ಇದ್ದಕ್ಕಿದ್ದಂತೆ ಒಂದು ದಿನ ಅವರು ಬರುವುದು ನಿಂತಿತು. ಅಕ್ಕ ಮೇಲೆ ಹತ್ತಿ ನೋಡಿದಳು. ಹಿಂದಿನ ಬಾಗಿಲಿಗೆ ಬೀಗ ಬಿದ್ದಿತ್ತು.

ಅವಳು ನೇರವಾಗಿ ಕೇಂದ್ರದ ಮ್ಯಾನೇಜರನ್ನೇ ಕೇಳಿದಳು. ಆ ಮಾತುಕತೆಯನ್ನು ಅವಳು ಹೇಳಿದ ಹಾಗೆಯೇ ಕೊಡುತ್ತೇನೆ.

“ಬೀಗ ಯಾಕಪ್ಪಾ?”

“ಮಕ್ಕಳು ತಪ್ಪಿಸ್ಕೊಂಡು ಹೋಗ್ತಾರೆ ಆಂಟಿ. ಅಪ್ಪ ಅಮ್ಮ ಬಂದು ನಮ್ಮ ಕತ್ತು ಹಿಡೀತಾರೆ.”

“ಬೆಂಕಿಗಿಂಕಿ ಬಿದ್ರೆ?”

“ಬೀಗದ ಕೈ ನನ್ನ ಜೇಬಲ್ಲೇ ಇರುತ್ತಲ್ಲ.”

“ನೀನು ಊಟಕ್ಕೆ ಹೋಗಿದ್ರೆ?”

“ಆಂಟಿ, ನೀವು ನಿಮ್ಮ ಜಿಪ್ಪು ಗುಂಡಿ ನೋಡ್ಕೊಳ್ಳಿ.”

ಕಟ್ಟಡದಲ್ಲಿ ಈ ಬೀಗದ ಬಗ್ಗೆ ಗೊಣಗದವರಿರಲಿಲ್ಲ. ಎರಡನೇ ಮಹಡಿಯ ದಂತವೈದ್ಯರು ಗೊಣಗಿದರು, ಲಿಫ್ಟಿನಲ್ಲಿ ಸಿಕ್ಕ ತಾಯಂದಿರು ಗೊಣಗಿದರು. ಗೊಣಗಿದವರ ಮೇಲೆ ದಾವೆ ಬಿದ್ದಿಲ್ಲ. ಅಕ್ಕನೂ ಗೊಣಗಿ ಸುಮ್ಮನಾಗುತ್ತಿದ್ದಳೇನೋ. ಕೆಡಿಸಿದವನು ನಾನು. ನಾನು ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡುವವನು. ತಾರೀಖಿಲ್ಲದ ಕಾಗದ ಕಂಡರೆ ಆಗುವುದಿಲ್ಲ. “ಬರೆಯೋದಾದ್ರೆ ಸರಿಯಾಗಿ ಬರಿ, ದಿನಾ ಹತ್ತಿ ನೋಡು, ವೇಳೆ ಹಾಕು, ಕೆಳಗೆ ನಿನ್ನ ಹೆಸರು ಅಂಗಡಿ ನಂಬರ್ ಹಾಕು” ಎಂದೆ. ಐವತ್ತೆಂಟು ವರ್ಷದ, ಮಂಡಿನೋವಿನ ನನ್ನ ಅಕ್ಕ ಏಳು ದಿನ ಅರವತ್ತೆಂಟು ಮೆಟ್ಟಿಲು ಹತ್ತಿದಳು. ಏಳು ತಾರೀಖು, ಏಳು ವೇಳೆ, ‘ಬೀಗ ಹಾಕಿತ್ತು’ ಎಂಬ ಒಂದು ಮಾತು, ‘ದಯವಿಟ್ಟು ತೆಗೆಯಿರಿ’ ಎಂಬ ಇನ್ನೊಂದು ಮಾತು. ಒಟ್ಟು ಒಂಬತ್ತು ಸಾಲು. ಲಿಫ್ಟಿನ ಪಕ್ಕದ ಫಲಕಕ್ಕೆ ನಾನೇ ಅಂಟಿಸಿದೆ. ಇಪ್ಪತ್ತಮೂರನೇ ದಿನ ಟ್ಯೂಷನ್ ಕೇಂದ್ರ ಹೂಡಿದ ಮಾನನಷ್ಟ ದಾವೆಯ ನೋಟಿಸು ಬಂತು. ಅವಳು ಮೊದಲನೇ ಪ್ರತಿವಾದಿ, ‘ಪ್ರಚೋದನೆ ನೀಡಿದ’ ನಾನು ಎರಡನೆಯವನು. ಅಸ್ಪಷ್ಟವಾಗಿ ದೂರಿದವರೆಲ್ಲ ಕ್ಷೇಮ, ಕರಾರುವಾಕ್ಕಾಗಿ ದೂರಿದವರು ಕಟಕಟೆಯಲ್ಲಿ. ಇದನ್ನು ನೀವು ಆರು ವರ್ಷದಿಂದ ಕಾಪಾಡಿಕೊಂಡು ಬಂದಿರುವ ವ್ಯವಸ್ಥೆ ಎನ್ನಬಹುದೇ?

ಒಂಬತ್ತು ಸಾಲಿಗೆ ಉತ್ತರವಾಗಿ ನಲವತ್ತೊಂದು ಪುಟದ ದಾವೆ. ಕೇಳಿರುವ ಪರಿಹಾರ, ಅಕ್ಕ ಇನ್ನು ಮುನ್ನೂರು ವರ್ಷ ಜಿಪ್ ಬದಲಿಸಿದರೂ ಹುಟ್ಟದ ಮೊತ್ತ. ಇದು ಬಂದು ಹದಿನಾರು ತಿಂಗಳಾಯಿತು. ಹತ್ತು ವಾಯಿದೆಗಳಲ್ಲಿ ನಾಲ್ಕು ಸಲ ವಾದಿಯ ವಕೀಲರು ಬರಲಿಲ್ಲ, ಮೂರು ಸಲ ಬಂದು ಕಾಲಾವಕಾಶ ಕೇಳಿದರು, ಎರಡು ಸಲ ನ್ಯಾಯಾಧೀಶರು ರಜೆಯಲ್ಲಿದ್ದರು, ಒಂದು ಸಲ ಕಡತವೇ ಬರಲಿಲ್ಲ. ಹತ್ತು ಸಲವೂ ಅಕ್ಕ ಅಂಗಡಿ ಮುಚ್ಚಿ ಹೋಗಿದ್ದಾಳೆ. ಈ ಹದಿನಾರು ತಿಂಗಳಲ್ಲಿ ವಾದಿಯ ಕಡೆಯವರಾಗಲಿ, ನ್ಯಾಯಾಲಯದವರಾಗಲಿ, ಯಾರೊಬ್ಬರೂ ಆ ಅರವತ್ತೆಂಟು ಮೆಟ್ಟಿಲು ಹತ್ತಿ ಬಾಗಿಲನ್ನು ಒಮ್ಮೆ ತಳ್ಳಿ ನೋಡಿಲ್ಲ. ನಾಲ್ಕು ನಿಮಿಷದ ಕೆಲಸ. ಅಕ್ಕನ ವೇಗದಲ್ಲಾದರೆ ಏಳು.

ನಮ್ಮ ವಕೀಲರು ಒಳ್ಳೆಯವರು, ಸುಳ್ಳು ಧೈರ್ಯ ಹೇಳುವುದಿಲ್ಲ.

“ನಾನು ನಿಜಾನೇ ಹೇಳಿದೀನಲ್ಲ ಸಾರ್?” ಎಂದು ಅಕ್ಕ ಕೇಳಿದಳು.

“ನಿಜಾನೇ ಹೇಳಿದೀರಮ್ಮ. ಅದನ್ನ ಸಾಬೀತು ಮಾಡೋ ಹಂತ ಬರೋಕೆ ಇನ್ನೂ ಮೂರು ವರ್ಷ ಬೇಕು.”

“ಅಲ್ಲೀವರೆಗೂ ಬೀಗ ಹಾಗೇ ಇರುತ್ತಾ?”

“ಬೀಗದ ಮೇಲೆ ಕೇಸಿಲ್ಲಮ್ಮ. ಕೇಸಿರೋದು ನಿಮ್ಮ ಮೇಲೆ.”

ಅಧ್ಯಕ್ಷರೇ, ಈ ಮಾತನ್ನು ನಿಮ್ಮ ಸಮಿತಿಯ ಕೋಣೆಯಲ್ಲಿ ಚೌಕಟ್ಟು ಹಾಕಿ ತೂಗುಹಾಕಬೇಕೆಂದು ನನ್ನ ವಿನಂತಿ. ನಿಮ್ಮ ನಾಲ್ಕೂ ಸಭೆಗಳ ನಡಾವಳಿಗಿಂತ ಅದರಲ್ಲಿ ಹೆಚ್ಚು ಕಾನೂನಿದೆ.

ಇನ್ನು ಹಾಲಿನ ವಿಷಯ. ನಾನು ಹೆಚ್ಚಾಗಿ ಓದುವುದು ಬೇರೆ ಭಾಷೆಗಳಿಂದ ಬಂದ ಕಾದಂಬರಿಗಳನ್ನು. ಎರಡು ಅನುವಾದಗಳು ಸಿಕ್ಕರೆ ಪಕ್ಕಪಕ್ಕ ಇಟ್ಟು ಓದುತ್ತೇನೆ. ಹಾಗೆ ಓದಿ ಓದಿ, ಒಂದು ವಾಕ್ಯ ತನ್ನದಲ್ಲದ ಜಾಗದಲ್ಲಿ ಕೂತಿದ್ದರೆ ಕಣ್ಣಿಗೆ ಹೊಡೆಯುತ್ತದೆ. ನಲವತ್ತೊಂದು ಪುಟವನ್ನು ಪ್ರಾಯಶಃ ನಾನೊಬ್ಬನೇ ಪೂರ್ತಿ ಓದಿದವನು, ಬರೆದವರಂತೂ ಓದಿಲ್ಲ. ಹದಿನಾಲ್ಕನೇ ಪ್ಯಾರಾ ಹೀಗಿದೆ: ‘ಪ್ರತಿವಾದಿಯ ದುರುದ್ದೇಶಪೂರಿತ ಹೇಳಿಕೆಯಿಂದ ವಾದಿಯ ಹಾಲಿನ ಶುದ್ಧತೆಯ ಬಗ್ಗೆ ಗ್ರಾಹಕರಲ್ಲಿ ಸಂಶಯ ಮೂಡಿರುತ್ತದೆ.’

ಟ್ಯೂಷನ್ ಕೇಂದ್ರದ ಹಾಲು! ಅಕ್ಕನಿಗೆ ಓದಿ ಹೇಳಿದಾಗ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು ನಕ್ಕಳು. “ಮೇಲೆ ಹಸು ಕಟ್ಟಿದಾರಾ? ನಾನು ನೋಡಿದ್ದು ಬರೀ ಬೀಗ ಕಣೋ.”

ನಗು ಮುಗಿದ ಮೇಲೆ ನಾನು ಗ್ರಂಥಾಲಯದ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ತೆಗೆದೆ. ಮೂರು ವರ್ಷದ ಹಿಂದಿನ ಒಂದು ಸಂಚಿಕೆಯ ಒಳಪುಟದಲ್ಲಿ, ಬಾಕ್ಸ್ ಕಟ್ಟಿದ ಒಂದು ಕ್ಷಮಾಪಣೆ ಪ್ರಕಟವಾಗಿತ್ತು. ಹಾಲಿನ ಕಂಪನಿಯೊಂದಕ್ಕೆ ಶಾಲೆಗೆ ಹೋಗುವ ಹಾಲಿನಲ್ಲಿ ಕಲಬೆರಕೆ ಇದೆ ಎಂದಿದ್ದ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಕೇಳಿದ್ದು. ಕಂಪನಿಯ ಪರ, ನಮ್ಮ ಮೇಲೆ ದಾವೆ ಹೂಡಿದ ಅದೇ ವಕೀಲರ ಹೆಸರು. ಅಕ್ಕನ ಸಹಿಗೆಂದು ಕಳಿಸಿರುವ ಕ್ಷಮಾಪಣೆ ಪತ್ರವನ್ನು ಅದರ ಪಕ್ಕ ಇಟ್ಟು ಓದಿದೆ. ‘ಹಾಲು’ ಇದ್ದಲ್ಲೆಲ್ಲ ‘ಬಾಗಿಲು’, ‘ಕಲಬೆರಕೆ’ ಇದ್ದಲ್ಲಿ ‘ಬೀಗ’, ‘ಕಂಪನಿ’ ಇದ್ದಲ್ಲಿ ‘ಕಟ್ಟಡ’ ಎಂದಿದೆ. ಬೇರೆ ಬದಲಾವಣೆ ಇಲ್ಲ. ಒಬ್ಬ ಮನುಷ್ಯನ ನಾಚಿಕೆಯನ್ನು ಅಚ್ಚಿನ ಹಾಗೆ ಎತ್ತಿಟ್ಟುಕೊಂಡು, ಮುಂದಿನವರ ಮೇಲೆ ಒತ್ತುತ್ತಿದ್ದಾರೆ. ಹಾಲಿಗೂ ಬಾಗಿಲಿಗೂ ನಡುವೆ ಇನ್ನೆಷ್ಟು ಜನ ಇದೇ ಅಚ್ಚಿನಿಂದ ಬಂದಿದ್ದಾರೋ ನನಗೆ ತಿಳಿಯದು. ನಿಮಗೆ ತಿಳಿದಿರಬೇಕಿತ್ತು.

ಹೋದ ಭಾನುವಾರ ನಾವಿಬ್ಬರೂ ಆ ಮೇಷ್ಟ್ರನ್ನು ಹುಡುಕಿಕೊಂಡು ಹೋದೆವು. ಮಗಳ ಮನೆಯಲ್ಲಿದ್ದಾರೆ. ಕಿಟಕಿಯ ಪಕ್ಕ ಒಂದು ಕುರ್ಚಿ, ಗಾಜಿನ ನಳಿಗೆಗಳ ಒಂದು ಪೆಟ್ಟಿಗೆ ಬೀರುವಿನ ಮೇಲೆ ಧೂಳು ತಿನ್ನುತ್ತಿದೆ. ಬರೀ ಕಪ್ಪು ಚಹಾ ಕೊಟ್ಟರು. “ತಪ್ಪು ತಿಳ್ಕೋಬೇಡಿ, ನಮ್ಮನೇಲಿ ಹಾಲು ತರಿಸಲ್ಲ” ಎಂದರು.

ಅಕ್ಕ ಸುತ್ತಿ ಬಳಸಿ ಕೇಳುವವಳಲ್ಲ. “ಸಹಿ ಹಾಕಿದ ಮೇಲೆ ನಿದ್ದೆ ಬಂತಾ ಮೇಷ್ಟ್ರೇ?”

“ಬಂತಮ್ಮ. ಅದೇ ಬೇಜಾರು.”

ಅವರೇ ಮುಂದುವರಿಸಿದರು. “ಅದೇ ಹಾಲು ಈಗ್ಲೂ ಶಾಲೆಗೆ ಹೋಗುತ್ತೆ. ಹೋದ ತಿಂಗಳು ಅಲ್ಲಿನ ಟೀಚರೊಬ್ಬರು ಬಾಟ್ಲಿ ತಂದು, ಒಂದ್ಸಲ ಪರೀಕ್ಷೆ ಮಾಡಿಕೊಡಿ ಸಾರ್ ಅಂದ್ರು. ನನಗೆ ಕಣ್ಣು ಕಾಣಲ್ಲಮ್ಮಾ ಅಂದ್ಬಿಟ್ಟೆ.” ಕನ್ನಡಕ ತೆಗೆದು ಒರೆಸಿದರು. “ಚೆನ್ನಾಗೇ ಕಾಣುತ್ತೆ.”

ಇಂಥ ದಾವೆಯ ಉದ್ದೇಶ ಗೆಲ್ಲುವುದಲ್ಲ ಎಂದು ನಿಮ್ಮ ಕರಡಿನ ಪೀಠಿಕೆಯಲ್ಲೇ ಬರೆದಿದ್ದೀರಿ, ಓದಿದ್ದೇನೆ. ಗೆಲ್ಲಬೇಕಾದವನಿಗೆ ಸಾಕ್ಷ್ಯ ಬೇಕು, ಸತಾಯಿಸಬೇಕಾದವನಿಗೆ ವಾಯಿದೆ ಸಾಕು. ತೀರ್ಪು ಅವರಿಗೆ ಬೇಡವೇ ಬೇಡ. ಬೇಕಾದದ್ದು ಕಣ್ಣಿರುವ ಒಬ್ಬ ಮನುಷ್ಯ ತನಗೆ ಕಣ್ಣಿಲ್ಲ ಎನ್ನುವುದು. ಇದು ನಿಮಗೆ ಅರ್ಥವಾಗಿದೆ, ಅರ್ಥವಾಗಿ ಆರು ವರ್ಷವಾಗಿದೆ. ಅರ್ಥವಾಗದೆ ಸುಮ್ಮನಿರುವವರನ್ನು ಕ್ಷಮಿಸಬಹುದು. ಪೀಠಿಕೆ ಬರೆದು ಸುಮ್ಮನಿರುವವರನ್ನು ಏನೆಂದು ಕರೆಯಬೇಕೋ ನನಗೆ ಹೊಳೆಯುತ್ತಿಲ್ಲ, ಹೊಳೆದರೂ ಬರೆಯುವಂತಿಲ್ಲ. ನನ್ನ ಮೇಲೆ ಹೂಡಲು ನಿಮ್ಮ ಬಳಿಯೂ ನಲವತ್ತೊಂದು ಪುಟ ಟೈಪಾಗಿ ಸಿದ್ಧವಿರಬಹುದು.

ನಿಮ್ಮ ಎರಡು ಸಾಲಿನ ಉತ್ತರ ಇಲ್ಲಿದೆ: ‘ಪ್ರಚಲಿತ ಕಾನೂನಿನಲ್ಲಿ ಸಾಕಷ್ಟು ರಕ್ಷಣೆ ಇರುತ್ತದೆ. ಬಾಧಿತರು ಸಕ್ಷಮ ನ್ಯಾಯಾಲಯವನ್ನು ಸಂಪರ್ಕಿಸಬಹುದು.’ ಅಧ್ಯಕ್ಷರೇ, ನಾವು ನ್ಯಾಯಾಲಯದಲ್ಲೇ ಇದ್ದೇವೆ. ನಮ್ಮನ್ನು ಕೈಹಿಡಿದು ಎಳೆದುಕೊಂಡು ಬಂದು ಕೂರಿಸಿದ್ದಾರೆ. ಬಾವಿಗೆ ಬಿದ್ದವನು ಕೂಗಿದರೆ ಮೇಲಿಂದ ಬಗ್ಗಿ ‘ನೀರನ್ನು ಸಂಪರ್ಕಿಸಿ’ ಎನ್ನುವ ನಿಮ್ಮ ಗುಮಾಸ್ತರಿಗೆ ಬಡ್ತಿ ಸಿಕ್ಕಿರಲಿ ಎಂದು ಹಾರೈಸುತ್ತೇನೆ.

ಮಾನ ಹೋದವರಿಗೂ ಹಕ್ಕಿದೆ, ಅವರ ದಾರಿ ಮುಚ್ಚಬಾರದು ಎಂದು ನಿಮ್ಮ ಸದಸ್ಯರೊಬ್ಬರು ಸಭೆಯಲ್ಲಿ ಹೇಳಿದ್ದಾರಂತೆ. ಸರಿಯಾದ ಮಾತು. ಸುಳ್ಳು ಹಬ್ಬಿಸಿದವನನ್ನು ನ್ಯಾಯಾಲಯಕ್ಕೆ ಎಳೆಯುವ ಹಕ್ಕು ಯಾರಿಗೂ ತಪ್ಪಬಾರದು, ಟ್ಯೂಷನ್ ಕೇಂದ್ರಕ್ಕೂ ತಪ್ಪಬಾರದು. ಕರಡು ಆ ದಾರಿಯನ್ನು ಮುಚ್ಚುವುದಿಲ್ಲವಲ್ಲ? ದಾರಿಯ ಮೊದಲಲ್ಲೇ ವಾದಿಯನ್ನು ನಿಲ್ಲಿಸಿ ‘ನಿನ್ನ ಕೈಯಲ್ಲೇನಿದೆ, ತೋರಿಸಿ ಹೋಗು’ ಎನ್ನುತ್ತದೆ, ಅಷ್ಟೇ. ಬೀಗ ಇರಲಿಲ್ಲವೆಂದರೆ ತೋರಿಸಲಿ. ತೋರಿಸಲು ಅವರಿಗೆ ಎಷ್ಟು ಹೊತ್ತು ಬೇಕು? ಬೀಗದ ಕೈ ಜೇಬಲ್ಲೇ ಇದೆ ಎಂದಿದ್ದರು.

ನಾನು ಕೇಳುವುದಿಷ್ಟು. ಬರುವ ಅಧಿವೇಶನದಲ್ಲಿ ಆ ಕರಡನ್ನು ಮಂಡಿಸಿ. ಸಾರ್ವಜನಿಕ ಹಿತದ ಮಾತಿಗೆ ದಾವೆ ಬಿದ್ದರೆ, ಅರವತ್ತು ದಿನದೊಳಗೆ ವಾದಿಯೇ ತನ್ನ ದಾವೆಯಲ್ಲಿ ಹುರುಳಿದೆಯೆಂದು ತೋರಿಸಲಿ, ಅಲ್ಲಿಯವರೆಗೆ ಪ್ರತಿವಾದಿಯನ್ನು ಅಲೆಸಬೇಡಿ. ತೋರಿಸಲಾಗದಿದ್ದರೆ ದಾವೆ ವಜಾ ಆಗಲಿ, ಪ್ರತಿವಾದಿಯ ಖರ್ಚನ್ನು ವಾದಿ ತೆರಲಿ. ಹಾಲಿನ ದಾವೆಯನ್ನು ಬಾಗಿಲಿಗೆ ಹೂಡಿದ ವಕೀಲರು ಹದಿನಾಲ್ಕನೇ ಪ್ಯಾರಾವನ್ನು ತೆರೆದ ನ್ಯಾಯಾಲಯದಲ್ಲಿ ಗಟ್ಟಿಯಾಗಿ ಓದಿ ಅರ್ಥ ಹೇಳಲಿ. ಈ ಕೊನೆಯದು ಕರಡಿನಲ್ಲಿಲ್ಲ, ನನ್ನ ಆಸೆ.

ಇವತ್ತು ಮಧ್ಯಾಹ್ನ ಕಟ್ಟಡದ ಮಾಲೀಕರು ಬಂದಿದ್ದರು. ಬಾಡಿಗೆ ಕರಾರಿನ ಹೊಸ ಪ್ರತಿಯನ್ನು ಮೇಜಿನ ಮೇಲಿಟ್ಟು, “ಅದಕ್ಕೊಂದು ಸಹಿ ಹಾಕ್ಬಿಡಮ್ಮ, ನಾನು ಇದಕ್ಕೆ ಹಾಕ್ತೀನಿ. ನಂಗ್ಯಾಕೆ ಈ ರಗಳೆ” ಎಂದು ಹೋದರು. ಅವರು ಹೋದ ಮೇಲೆ ಕ್ಷಮಾಪಣೆ ಪತ್ರವನ್ನು ಪೂರ್ತಿ ಓದಲು ಅಕ್ಕ ಹೇಳಿದಳು. ಓದಿದೆ. ಬಾಗಿಲಿಗೆ ಎಂದೂ ಬೀಗ ಇರಲಿಲ್ಲ. ತಾನು ಅಸೂಯೆಯಿಂದ ಬರೆದೆ. ಇನ್ನು ಮುಂದೆ ಸದರಿ ಕಟ್ಟಡದ ಯಾವುದೇ ಬಾಗಿಲಿನ ಬಗ್ಗೆ ಬಾಯಿಂದಾಗಲಿ ಬರವಣಿಗೆಯಿಂದಾಗಲಿ ಅಭಿಪ್ರಾಯ ವ್ಯಕ್ತಪಡಿಸುವುದಿಲ್ಲ.

“ನನ್ನ ಅಂಗಡಿ ಬಾಗಿಲ ಬಗ್ಗೆನೂ ಮಾತಾಡೋ ಹಾಗಿಲ್ವಾ?”

“ಇಲ್ಲ.”

ಅವಳು ಹೊಲಿಯುತ್ತಿದ್ದ ಕೋಟಿನ ತೋಳನ್ನು ಮುಗಿಸಿದಳು, ದಾರ ಕಡಿದಳು. ಮುಂದಿನ ಮೆಟ್ಟಿಲಲ್ಲಿ ಸಂಜೆಯ ಪಾಳಿಯ ಮಕ್ಕಳು ಹತ್ತುವ ಸದ್ದು ಶುರುವಾಗಿತ್ತು.

“ಸಹಿ ಹಾಕಲ್ಲ ಕಣೋ. ಗುರುವಾರ ನಾನೇ ಎದ್ದು ನಿಂತು ಕೇಳ್ತೀನಿ, ಸ್ವಾಮೀ, ಯಾರನ್ನಾದ್ರೂ ಒಬ್ಬರನ್ನ ಕಳಿಸಿ, ಮೆಟ್ಲು ಹತ್ತಿ ನೋಡ್ಕೊಂಡು ಬರ್ಲಿ ಅಂತ.”

ಕೇಳುವ ಕ್ರಮ ಅದಲ್ಲ, ವಕೀಲರ ಮೂಲಕ ಅರ್ಜಿ ಹಾಕಬೇಕು ಎಂಬುದು ನನಗೆ ಗೊತ್ತು. ಆದರೂ ತೀರ್ಮಾನ ಆಗಿದೆ. ವಕೀಲರಿಗೆ ಇನ್ನೂ ಹೇಳಿಲ್ಲ, ಮಾಲೀಕರಿಗೂ ಹೇಳಿಲ್ಲ. ಮೊದಲು ನಿಮಗೆ ತಿಳಿಸುತ್ತಿದ್ದೇವೆ.

ಇಂತಿ,
ಗುರುವಾರಕ್ಕೆ ರಜೆ ಬರೆದುಕೊಟ್ಟಿರುವ
ಎರಡನೇ ಪ್ರತಿವಾದಿ