ಕೆಳಗಿನ ತೂತಿನ ಸೂರ್ಯ

ಪ್ರೀತಿಯ ತಮ್ಮನಿಗೆ,

ಪತ್ರ ಬಿಚ್ಚುವಾಗಲೇ ‘ಅಕ್ಕ ಮತ್ತೆ ಶುರು ಹಚ್ಚಿಕೊಂಡಳು’ ಎಂದು ನೀನು ಹಣೆ ಚಚ್ಚಿಕೊಳ್ಳುತ್ತೀಯ, ಗೊತ್ತು. ಚಚ್ಚಿಕೋ. ಫೋನಿನಲ್ಲಿ ಕೇಳಿದರೆ ಮಾತು ತೇಲಿಸಿ ನಗಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅನುಮಾನದ ಪ್ರಾಣಿ ಎಂದು ಮನೆಯವರೆಲ್ಲ ಸೇರಿ ನಗುತ್ತೀರಿ. ಹೌದಪ್ಪ, ತರಕಾರಿಯವನ ತಕ್ಕಡಿಯನ್ನು ಬಗ್ಗಿ ನೋಡುವವಳೇ ನಾನು. ಆದರೆ ನೀನೇ ಹೇಳು. ನಮ್ಮ ಶಾಲೆಗೆ ಬಂದು ಮಕ್ಕಳಿಗೆ ಒಂದು ಪಾಠ ಮಾಡೋ ಎಂದು ನಾನು ಎಷ್ಟು ವರ್ಷ ಗೋಗರೆದಿದ್ದೇನೆ? ಒಂದು ಸಲ ಮೀಟಿಂಗು, ಒಂದು ಸಲ ಜ್ವರ, ಇನ್ನೊಂದು ಸಲ ಕಾರು ಕೆಟ್ಟಿತ್ತು. ಅಂಥವನು ಈ ಸಲ ನೀನಾಗಿಯೇ ಫೋನು ಮಾಡಿ, “ಅಕ್ಕಾ, ಬಿಸಿಲು ನೋಡ್ಕೊಂಡು ಕಟ್ಟಡ ಹೇಗೆ ಕಟ್ಟಬೇಕು ಅಂತ ನಿನ್ನ ಮಕ್ಕಳಿಗೆ ಹೇಳಿಕೊಡ್ಲಾ?” ಎಂದೆ. ನನ್ನ ಕಿವಿ ಆಗಲೇ ನೆಟ್ಟಗಾಯಿತು. ಅದೇ ವಾರ ಶಾಲೆಯ ದಕ್ಷಿಣಕ್ಕಿರುವ ಖಾಲಿ ಜಾಗದ ಸುತ್ತ ತಗಡು ನಿಂತಿತು. ತಗಡಿನ ಮೇಲೆ ಏಳಂತಸ್ತಿನ ಕಟ್ಟಡದ ಚಿತ್ರ, ಚಿತ್ರದ ಕೆಳಗೆ ನಿನ್ನ ಆಫೀಸಿನ ಹೆಸರು. ಪಕ್ಕದಲ್ಲೇ ಶಾಲೆ ಇರುವುದರಿಂದ ಆ ಕಟ್ಟಡಕ್ಕೆ ನಮ್ಮ ಶಾಲೆಯ ಪೋಷಕರ ಸಭೆಯೂ ಒಪ್ಪಿಗೆ ಕೊಡಬೇಕಂತೆ. ಇದನ್ನು ನನಗೆ ಹೇಳಿದ್ದು ನೀನಲ್ಲ, ಗೇಟಿನ ಕಾವಲುಗಾರ.

ಆದರೂ ನೀನು ಬಂದ ದಿನ ನನಗೆ ಹೆಮ್ಮೆಯಾಯಿತು. ಸುಳ್ಳು ಹೇಳುವುದಿಲ್ಲ. ಮರದ ಹಲಗೆಯ ಮೇಲೆ ರಟ್ಟಿನ ಶಾಲೆ, ಹಲಗೆಯ ದಕ್ಷಿಣದ ಎರಡು ಮೂಲೆಗೆ ಎರಡು ಕಂಬ, ಕಂಬದಿಂದ ಕಂಬಕ್ಕೆ ಬಾಗಿದ ತಂತಿ, ತಂತಿಯ ಮೇಲೆ ಜಾರುವ ಪುಟ್ಟ ಬಲ್ಬು. ಕಿಟಕಿಗಳಿಗೆ ಪರದೆ ಎಳೆದು ಬಲ್ಬು ಹಚ್ಚಿದಾಗ ಮಕ್ಕಳು ಉಸಿರು ಬಿಗಿಹಿಡಿದರು. ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಜಾರಿದ. ಪಶ್ಚಿಮದ ಗೋಡೆ ಸಂಜೆ ಯಾಕೆ ಕಾಯುತ್ತದೆ, ಕಿಟಕಿ ಎಲ್ಲಿಟ್ಟರೆ ಹಗಲು ಲೈಟು ಹಾಕಬೇಕಾಗಿಲ್ಲ, ಗಾಳಿಗೆ ದಾರಿ ಬಿಟ್ಟರೆ ಫ್ಯಾನಿಗೂ ರಜೆ ಕೊಡಬಹುದು ಎಂದೆಲ್ಲ ನಗಿಸುತ್ತ ಹೇಳಿದೆ. “ಬಿಸಿಲು ಯಾರಪ್ಪನ ಮನೆ ಆಸ್ತೀನೂ ಅಲ್ಲ ಮಕ್ಕಳೇ. ನಮ್ಮ ಮನೆ ಕಟ್ಟುವಾಗ ಪಕ್ಕದ ಮನೆಯವರ ಬಿಸಿಲನ್ನೂ ಲೆಕ್ಕಕ್ಕೆ ತಗೋಬೇಕು” ಎಂದೆ. ಮಕ್ಕಳು ಅವತ್ತೇ ನಿನಗೆ ‘ಬಿಸಿಲು ಮಾಮ’ ಎಂದು ಹೆಸರಿಟ್ಟರು.

ಆಮೇಲೆ ಚೀಲದಿಂದ ಇನ್ನೊಂದು ರಟ್ಟಿನ ಪೆಟ್ಟಿಗೆ ತೆಗೆದು ಹಲಗೆಯ ಮೇಲಿನ ಖಾಲಿ ಜಾಗದಲ್ಲಿ ನಿಲ್ಲಿಸಿದೆ. ಏಳಂತಸ್ತು. ಬಲ್ಬನ್ನು ಜಾರಿಸಿದೆ. ನೆರಳು ಪೆಟ್ಟಿಗೆಯ ಕಾಲಬುಡದಲ್ಲೇ ಮುದುರಿಕೊಂಡು ಕೂತಿತು, ನಮ್ಮ ಶಾಲೆಯ ತಂಟೆಗೇ ಬರಲಿಲ್ಲ. “ನೋಡಿದ್ರಾ, ಏನೂ ತೊಂದ್ರೆ ಇಲ್ಲ. ಮನೇಲೂ ಹೇಳಿ” ಎಂದೆ. ಮನೇಲೂ ಹೇಳಬೇಕೇ? ಸೂರ್ಯನ ಪಾಠದಲ್ಲಿ ಮನೆಯವರಿಗೆ ಏನು ಕೆಲಸ?

ಇನ್ನೊಂದು ವಿಷಯ. ಕಿಟಕಿಯ ಮೇಲಿನ ಸಜ್ಜಾ ಬೇಸಿಗೆಯ ಬಿಸಿಲನ್ನು ಹೇಗೆ ತಡೆಯುತ್ತದೆ ಎಂದು ಸೊಗಸಾಗಿ ಹೇಳಿ, ಅಲ್ಲಿಗೇ ನಿಲ್ಲಿಸಿದೆ. ಪಾಠದ ಇನ್ನರ್ಧ ಎಲ್ಲಿ ಹೋಯಿತೋ? ಆರ್ಕಿಟೆಕ್ಚರ್ ಓದುತ್ತಿದ್ದಾಗ ನಮ್ಮ ಅಡುಗೆಮನೆಯಲ್ಲಿ ಟಾರ್ಚು ಹಿಡಿದುಕೊಂಡು ನನ್ನ ತಲೆ ತಿಂದವನು ನೀನೇ ತಾನೇ? “ಚಳಿಗಾಲದಲ್ಲಿ ಸೂರ್ಯ ತಗ್ಗಿ ನಡೀತಾನೆ ಅಕ್ಕಾ. ಅದೇ ಸಜ್ಜಾ ಆಗ ಅವನನ್ನ ಒಳಗೆ ಬಿಡುತ್ತೆ. ತಗ್ಗಿದ ಸೂರ್ಯನ ನೆರಳು ಮಾತ್ರ ಮಾರುದ್ದ” ಎಂದು ಕುಣಿದಾಡಿದ್ದೆ. ಆಗ ಪಾತ್ರೆ ತೊಳೆಯುತ್ತಿದ್ದ ನಾನೇ ಇನ್ನೂ ಮರೆತಿಲ್ಲ, ನೀನು ಮರೆತೆಯಾ?

ಹಲಗೆಯನ್ನು ಮಕ್ಕಳಿಗೆಂದು ಬಿಟ್ಟುಹೋದೆಯಲ್ಲ, ಎಲ್ಲರೂ ಮನೆಗೆ ಹೋದ ಮೇಲೆ ಅದರ ಮುಂದೆ ಕೂತೆ. ಕಂಬಗಳನ್ನು ಬೆರಳಿಂದ ಸವರಿದೆ. ಎರಡರಲ್ಲೂ ತಂತಿ ಸಿಕ್ಕಿಸಿದ ತೂತಿನ ಕೆಳಗೆ ಮರದ ಬಣ್ಣದ ಟೇಪು. ಉಗುರಿನಿಂದ ಎಬ್ಬಿದೆ. ಕೆಳಗೆ ಇನ್ನೊಂದು ತೂತು, ತಂತಿಯ ದಪ್ಪಕ್ಕೆ ಸರಿಯಾಗಿ ಕೊರೆದದ್ದು. ಚಳಿಗಾಲದ ಸೂರ್ಯನ ತೂತು! ಕೊರೆದವನೂ ನೀನು, ಮುಚ್ಚಿದವನೂ ನೀನು.

ನಿನ್ನ ಭಾವನಿಗೆ ಹೇಳಿದರೆ, “ಎರಡೆರಡು ಸೂರ್ಯ ಯಾಕೆ, ಮಕ್ಕಳಿಗೆ ಗೊಂದಲ ಆಗುತ್ತೆ ಅಂತ ಮುಚ್ಚಿರ್ತಾನೆ ಬಿಡು” ಎಂದರು. ಅವರಿಗೆ ನೀನೆಂದರೆ ಅಷ್ಟು ಪ್ರೀತಿ. ಅದು ನಿಜವಾಗಿರಲಿ ಎಂದು ನಾನೂ ಎಳೆದಾಡಿ ನೋಡಿದೆ. ಗೊಂದಲವಾಗಬಾರದೆಂದರೆ ತೂತು ಕೊರೆಯುವುದೇ ಬೇಡವಾಗಿತ್ತು. ಹೋಗಲಿ, ಮರದ ಬಣ್ಣದ ಟೇಪನ್ನೇ ಹುಡುಕಿ ತರಬೇಕಿತ್ತೇ? ನಿನ್ನ ಯಜಮಾನರು ಗದರಿಸಿದರೋ, ಕೆಲಸ ಹೋಗುತ್ತದೆಂಬ ಹೆದರಿಕೆಯೋ, ಪೋಷಕರನ್ನು ಒಲಿಸಲು ಅವರಿಗೆ ಒಬ್ಬ ಮುಗುಳ್ನಗೆಯ ಮಾಮ ಬೇಕಾಗಿತ್ತೋ, ನನಗೆ ಗೊತ್ತಿಲ್ಲ. ನನ್ನ ತರಗತಿಯ ಮಕ್ಕಳನ್ನು ಬಳಸಿಕೊಂಡೆ ಎನ್ನುವುದು ಮಾತ್ರ ಗೊತ್ತು.

ಮರುದಿನ ತರಗತಿಯಲ್ಲಿ ತಂತಿಯನ್ನು ಕೆಳಗಿನ ತೂತಿಗೆ ಸಿಕ್ಕಿಸಿದೆ. ‘ಇದು ಚಳಿಗಾಲದ ಸೂರ್ಯ’ ಎಂದಷ್ಟೇ ಹೇಳಿದೆ. ಮಕ್ಕಳೇ ಬಲ್ಬು ಜಾರಿಸಿದರು. ಏಳಂತಸ್ತಿನ ನೆರಳು ತಗಡು ದಾಟಿತು, ಆಟದ ಬಯಲು ದಾಟಿತು, ರಟ್ಟಿನ ಗೋಡೆ ಹತ್ತಿ ನಮ್ಮ ಕಿಟಕಿಗಳನ್ನು ಒಂದೊಂದಾಗಿ ನುಂಗಿತು. ಬೆಳಗಿನಿಂದ ಮಧ್ಯಾಹ್ನದವರೆಗೂ ಬಿಡಲಿಲ್ಲ. ನಮ್ಮ ಕೋಣೆ ನಿನಗೆ ಗೊತ್ತಲ್ಲ, ಚಳಿಗಾಲದಲ್ಲಿ ಮಕ್ಕಳು ಬೆಂಚನ್ನು ಬಿಸಿಲಿನ ಹಿಂದೆ ಹಿಂದೆಯೇ ಎಳೆದುಕೊಂಡು ಹೋಗಿ ಕೂರುತ್ತಾರೆ. ಆ ಬಿಸಿಲು ಹೋದರೆ ಮರಗಟ್ಟಿದ ಬೆರಳಲ್ಲಿ, ಹಗಲೆಲ್ಲ ಉರಿಯುವ ಟ್ಯೂಬ್‌ಲೈಟಿನ ಕೆಳಗೆ ಬರೆಯಬೇಕು.

ನಾನು ಕಾಯುತ್ತಿದ್ದೆ. ‘ಬಿಸಿಲು ಮಾಮ ಸುಳ್ಳು ಹೇಳಿದ್ರು’ ಎಂದು ಯಾರಾದರೂ ಕೂಗುತ್ತಾರೆ ಎಂದು. ಮುಂದಿನ ಬೆಂಚಿನ ಎರಡು ಜಡೆಯ ಪುಟಾಣಿ, ಯಾವಾಗಲೂ ಮೂಗು ಸುರಿಸಿಕೊಂಡಿರುತ್ತಾಳಲ್ಲ, ಅವಳು ಎದ್ದು ನಿಂತಳು. “ಪಾಪ ಮಿಸ್, ಮಾಮಂಗೆ ಚಳಿಗಾಲದ ಸೂರ್ಯ ಗೊತ್ತೇ ಇಲ್ಲ ಅನ್ಸುತ್ತೆ. ನಾವೇ ಹೇಳಿಕೊಡೋಣ್ವಾ?” ಎಂದಳು. ಇಡೀ ತರಗತಿ ಹೂಂ ಹೂಂ ಎಂದಿತು.

ಮೂರು ದಿನದಿಂದ ಅದೇ ಕೆಲಸ. ನಿನ್ನ ಪೆಟ್ಟಿಗೆಯನ್ನು ಕತ್ತರಿಸಿ, ಶಾಲೆಯ ಕಡೆಗೆ ಮೇಲಿನ ಅಂತಸ್ತುಗಳನ್ನು ಮೆಟ್ಟಿಲಿನಂತೆ ಹಿಂದಕ್ಕೆ ಸರಿಸಿದ್ದಾರೆ. ಅಂಟಿಸುತ್ತಾರೆ, ಬಲ್ಬು ಜಾರಿಸುತ್ತಾರೆ, ಕಿಟಕಿಗೆ ಬಿಸಿಲು ಬರಲಿಲ್ಲವೆಂದರೆ ಮತ್ತೆ ಕತ್ತರಿ. ನಿನ್ನೆ ಕಡೆಗೂ ಎಲ್ಲ ಕಿಟಕಿಗೂ ಬೆಳಕು ಬಿತ್ತು. ಒಂದೂವರೆ ಅಂತಸ್ತಿನಷ್ಟು ಜಾಗ ಕಡಿಮೆಯಾಗಿದೆ, ಅದು ನಿನ್ನ ಯಜಮಾನರಿಗೆ ಹಿಡಿಸಲಿಕ್ಕಿಲ್ಲ. ಆದರೆ ಆಗುವುದಿಲ್ಲ ಎಂದು ಮಾತ್ರ ಇನ್ನು ನೀನು ಹೇಳುವ ಹಾಗಿಲ್ಲ.

ಟೇಪಿನ ವಿಷಯ ನಾನು ಮಕ್ಕಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆ ತೂತು ನಾನೇ ಕೊರೆದದ್ದು ಎಂದುಕೊಂಡಿದ್ದಾರೆ. ಶನಿವಾರ ಪೋಷಕರ ಸಭೆ. ನೀನು ಬರಲೇಬೇಕು, ಜ್ವರ ಬಂದರೂ, ಕಾರು ಕೆಟ್ಟರೂ. ಎಲ್ಲರೆದುರು ಮಕ್ಕಳು ನಿನಗೆ ಪಾಠ ಮಾಡುತ್ತಾರೆ. ಅಷ್ಟು ಹೊತ್ತು ಏನೂ ಗೊತ್ತಿಲ್ಲದವನ ಹಾಗೆ ಕೈಕಟ್ಟಿ ನಿಂತು ಕೇಳಿಸಿಕೋ. ಆಮೇಲೆ ಗೊತ್ತಾದವನ ಹಾಗೆ ಎದ್ದು ಮಾತಾಡು. ನೀನು ಯಾವ ಬಗೆಯ ಮನುಷ್ಯ ಎಂದು ಆ ಮಕ್ಕಳು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ನಾನಿನ್ನೂ ಮಾಡಿಲ್ಲ.

ಕೆಲಸವೂ ಉಳಿದು, ಮಾನವೂ ಉಳಿದು, ನೂರು ಕಾಲ ಚೆನ್ನಾಗಿ ಬಾಳು.

ಶನಿವಾರ ಮೊದಲ ಸಾಲಿನಲ್ಲಿ ಕೂತು ನಿನ್ನನ್ನೇ ನೋಡಲಿರುವ,
ನಿನ್ನ ಅಕ್ಕ