ಹದಿನಾಲ್ಕು ಚೀಲ ಸುಣ್ಣ

ಕಲಬುರಗಿ,
ಒಳದಿನಗಳಿಗೆ ಎರಡು ದಿನ ಬಾಕಿ, 2214ನೇ ಇಸವಿ

ಶಿಶಿರ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘದ ಕಾರ್ಯದರ್ಶಿ ಕಲ್ಯಾಣಪ್ಪನವರಿಗೆ, ಅವರ ಏಳನೆಯ ತಲೆಮಾರಿನ ಸುಗಲಾಬಾಯಿ ಮಾಡುವ ನಮಸ್ಕಾರಗಳು.

ಅಜ್ಜಾ, ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನನ್ನ ಕೆಲವು ಶಬ್ದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕೈಬರಹ ಬಿಡಿಸಿಕೊಳ್ಳಲು ನಾನೂ ಎರಡು ತಿಂಗಳು ಒದ್ದಾಡಿದ್ದೇನೆ. ಒಳದಿನಗಳು ಎಂದರೆ ಬೇಸಿಗೆಯ ಮೂರು ತಿಂಗಳು. ಆಗ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಯಾರೂ ಹೊಸ್ತಿಲು ದಾಟುವುದಿಲ್ಲ. ಶಾಲೆ, ಸಂತೆ, ಮದುವೆ ಎಲ್ಲವೂ ನಸುಕಿನಲ್ಲೇ ಮುಗಿಯುತ್ತವೆ. ಅವು ಶುರುವಾಗುವ ಮುನ್ನಾದಿನ ಬಿಳಿಪಾಳಿ. ಬಿಸಿಲಿನ ಕಾವು ಮನೆಯೊಳಗೆ ಇಳಿಯದಂತೆ ಅಂದು ಊರಿನ ಪ್ರತಿ ಮಾಳಿಗೆಯ ನೆತ್ತಿಗೂ ಸುಣ್ಣ ಹಚ್ಚಬೇಕು. ಮಾಲಕರು, ಬಾಡಿಗೆಯವರು, ಬೀಗರು, ನಿನ್ನೆ ಊರಿಗೆ ಬಂದವರು, ಯಾರೇ ಆಗಲಿ ಬಕೆಟ್ ಹಿಡಿದು ಹತ್ತಲೇಬೇಕು. ಮಾಳಿಗೆಯ ಬಾಗಿಲಿಗೆ ಬೀಗ ಹಾಕುವುದು ನಮ್ಮಲ್ಲಿ ಅಪರಾಧ. ಕೆಲಸ ಮುಗಿದ ಮೇಲೆ ಬೇವಿನ ಸಾಲಿನ ಕೆಳಗೆ ಕೂತು, ಸುಣ್ಣದ ಕೈ ತೊಳೆದು, ರೊಟ್ಟಿ ಶೇಂಗಾಹಿಂಡಿ ತಿನ್ನುತ್ತೇವೆ. ಚೇಷ್ಟೆಗೆ ಒಬ್ಬರ ಮೂಗಿಗೆ ಒಬ್ಬರು ಬಿಳಿ ಬಳಿಯುವುದೂ ಉಂಟು.

ನಮ್ಮ ಓಣಿಯಲ್ಲಿ ಮೊದಲ ಕುಂಚ ಹಿಡಿಯುವ ಮಾನ ನಮ್ಮ ಮನೆತನದ್ದು. ಅದು ನಿಮ್ಮಿಂದ ಬಂದದ್ದು. ಊರು ಬೆಂದ ಆ ವರ್ಷ ನೀವೊಬ್ಬರೇ ಮುಂದೆ ನಿಂತು ಇಡೀ ಕಟ್ಟಡಕ್ಕೆ ಸುಣ್ಣ ಹಚ್ಚಿಸಿದಿರಿ, ಜನರನ್ನು ಉಳಿಸಿದಿರಿ ಎಂದು ಎಳೆಯ ಮಕ್ಕಳಿಗೂ ಗೊತ್ತು. ಹಚ್ಚಿ ಉಳಿದ ಚೀಲಗಳು ಹಸಿಗೆ ಗಟ್ಟಿಯಾಗಿ ಕಲ್ಲಾದವಂತೆ. ನಿಮ್ಮ ಕಟ್ಟಡ ಕೆಡವಿದಾಗ ಅವನ್ನು ತಂದು ಓಣಿಯ ಬಾಯಲ್ಲಿ ಸಾಲಾಗಿ ಇಟ್ಟಿದ್ದಾರೆ. ಅಜ್ಜನ ಕಲ್ಲು ಎನ್ನುತ್ತೇವೆ. ಗೋಣಿಯ ನೇಯ್ಗೆ ಇನ್ನೂ ಅವುಗಳ ಮೈಮೇಲೆ ಮೂಡಿಕೊಂಡಿದೆ. ನಾನು ಅಕ್ಷರ ಕಲಿತದ್ದು ಆ ಕಲ್ಲಿನ ಮೇಲೆ ಕೂತು.

ನಾಳೆ ಬಿಳಿಪಾಳಿ. ಈ ವರ್ಷದ ಮೊದಲ ಕುಂಚ ನನ್ನದು. ನಿಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡೋಣವೆಂದು ಎರಡು ತಿಂಗಳ ಹಿಂದೆಯೇ ಟ್ರಂಕಿನಿಂದ ನಿಮ್ಮ ನಡಾವಳಿ ಪುಸ್ತಕ ತೆಗೆದೆ. ಯಾಕಾದರೂ ತೆಗೆದೆನೋ!

ಸಭೆಯಲ್ಲಿ ಯಾರು ಹೇಗೆ ಮಾತಾಡಿದರೋ ಹಾಗೇ ಬರೆಯುವುದು ನಿಮ್ಮ ಪದ್ಧತಿ. ಮಾರ್ಚ್ ತಿಂಗಳಲ್ಲಿ ಯಾವುದೋ ಯೋಜನೆಯಡಿ ಪುಕ್ಕಟೆ ಸುಣ್ಣ ಬಂತು, ಹದಿನಾಲ್ಕು ಚೀಲ, ಮೆಟ್ಟಿಲ ಕೆಳಗೆ ಇಳಿಸಿದೆವು ಎಂದಿದ್ದೀರಿ. ಅದೇ ಸಭೆಗೆ ಮಾಳಿಗೆಗೆ ತಾಗಿದ ನಾಲ್ಕನೆಯ ಮಹಡಿಯಲ್ಲಿ ಬಾಡಿಗೆಗಿದ್ದ ದರ್ಜಿ ಖಾಜಾಬಿ ಬಂದಿದ್ದಾಳೆ. ಅವಳ ಮಾತು ಹೀಗಿದೆ: "ಸಾಹೇಬ್ರ, ಮ್ಯಾಲಿನ ಮನಿ ತಂದೂರ್ ಆಗ್ಯಾದ್ರಿ. ಸಾಲಿ ಯೂನಿಫಾರ್ಮ್ ಹೊಲಿಯೋದು ಇದೇ ಬ್ಯಾಸಗ್ಯಾಗ. ಫ್ಯಾನ್ ಹಚ್ಚಿದ್ರ ಕತ್ತರಿಸಿದ ಬಟ್ಟಿ ಹಾರ್ತಾವ. ಸುಣ್ಣ ಬಂದು ಬಿದ್ದಾದಲ್ರಿ? ನೀವು ಹೂಂ ಅಂದ್ರ ನಾನೇ ಹಚ್ಚತೀನಿ."

ನೀವು ಹೂಂ ಅನ್ನಲಿಲ್ಲ ಅಜ್ಜಾ. ಬಾಡಿಗೆಯವರು ಮಾಳಿಗೆ ಮುಟ್ಟುವಂತಿಲ್ಲ, ಮಾಲಕರ ಪತ್ರ ತಾ ಎಂದಿರಿ. ಪುಣೆಯಲ್ಲಿದ್ದ ಮಾಲಕ ತನ್ನದೇನೂ ತಕರಾರಿಲ್ಲ, ಸಂಘ ಹೇಳಿದರೆ ಆಯಿತು ಎಂದ. ಸಂಘ, ಬಿಲ್ಡರ್ ಇನ್ನೂ ಮಾಳಿಗೆಯನ್ನು ಬರೆದುಕೊಟ್ಟಿಲ್ಲ ಎಂದಿತು. ಸುಣ್ಣ ಬಿದ್ದರೆ ಸೋರದ ಹಾಗೆ ಹಾಕಿದ ಪದರಿನ ಗ್ಯಾರಂಟಿ ಹೋಗುತ್ತದೆ ಎಂದು ಬಿಲ್ಡರ್ ಕಾಗದ ಬರೆದ. ಎರಡನೆಯ ಮಹಡಿಯವರಿಗೆ ಮಾಳಿಗೆಯ ಮೇಲೆ ಒಣಹಾಕುವ ಹಪ್ಪಳಕ್ಕೆ ಸುಣ್ಣ ಮೆತ್ತುತ್ತದೆಂಬ ಚಿಂತೆ. ಕೆಳಗಿನ ಅಂಗಡಿಯವನು, "ತಂಪು ಮ್ಯಾಲಿನವರಿಗಿ, ನಮಗೇನು ಬರತದ? ಆದ್ರ ನಾ ಏನ್ ಬ್ಯಾಡ ಅನ್ನಂಗಿಲ್ಲ" ಎಂದ. ಏಪ್ರಿಲ್‌ನಲ್ಲಿ ಖಾಜಾಬಿ ಮತ್ತೆ ಎರಡು ಸಲ ಬಂದಳು. ಅಷ್ಟರಲ್ಲಿ ಅರ್ಧ ಕಟ್ಟಡ ರಜೆಗೆಂದು ಊರಿಗೆ ಹೋಗಿತ್ತು. ಮೂರೂ ಸಲ ನೀವು ಕೆಳಗೆ ಬರೆದದ್ದು ಒಂದೇ ಸಾಲು: ಎಲ್ಲರ ಒಪ್ಪಿಗೆ ಇದೆ, ಮುಂದಿನ ಸಭೆಗೆ.

ನಾನು ಒಬ್ಬ ವೈರಿಯನ್ನು ಹುಡುಕಿದೆ. ಪುಟ ತಿರುವಿ ತಿರುವಿ ಹುಡುಕಿದೆ. ಬೇಡ ಎಂದವನು ಒಬ್ಬನಾದರೂ ಸಿಕ್ಕಿದ್ದರೆ ಅವನನ್ನು ಬೈದು ಹಗುರಾಗುತ್ತಿದ್ದೆ. ಎಲ್ಲರೂ ಒಳ್ಳೆಯವರೇ ಇದ್ದೀರಲ್ಲ!

ಆಮೇಲೆ ಮೇ ಹನ್ನೊಂದರ ಪುಟ. ವಿಷಯ ಒಂದು: ನಾಲ್ಕನೆಯ ಮಹಡಿಯ ಖಾಜಾಬಿ ನಿನ್ನೆ ಮಷೀನಿನ ಮುಂದೆಯೇ ಬಿಸಿಲ ಹೊಡೆತಕ್ಕೆ ತೀರಿಕೊಂಡದ್ದಕ್ಕೆ ಒಂದು ನಿಮಿಷ ಮೌನ. ವಿಷಯ ಎರಡು: ಲಿಫ್ಟಿನ ಒಡೆದ ಕನ್ನಡಿ. ವಿಷಯ ಮೂರು: ಸುಣ್ಣ. ಎಲ್ಲರ ಒಪ್ಪಿಗೆ ಇದೆ. ಕೋರಂ ಇಲ್ಲದ ಕಾರಣ ಮುಂದಿನ ಸಭೆಗೆ.

ಪುಸ್ತಕ ಅಲ್ಲೇ ಬಿಟ್ಟು, ಚಪ್ಪಲಿ ಕೂಡ ಮೆಟ್ಟದೆ ಓಣಿಯ ಬಾಯಿಗೆ ಓಡಿದೆ. ಅಜ್ಜನ ಕಲ್ಲುಗಳನ್ನು ಈವರೆಗೆ ಯಾರೂ ಎಣಿಸಿರಲಿಲ್ಲ. ಎಣಿಸಿದೆ. ನಂಬಿಕೆ ಬರದೆ ಒಂದೊಂದನ್ನೂ ಮುಟ್ಟಿ ಇನ್ನೊಮ್ಮೆ ಎಣಿಸಿದೆ. ಹದಿನಾಲ್ಕು ಇವೆ.

ಒಂದು ಹಿಡಿ ಸುಣ್ಣವನ್ನೂ ನೀವು ಹಚ್ಚಲಿಲ್ಲ.

ಅಪ್ಪನಿಗೆ ತೋರಿಸಿದೆ. ಅವರು ಪುಸ್ತಕ ಮುಚ್ಚಿ, "ಹಬ್ಬದ ಹೊತ್ತಿನ್ಯಾಗ ಸತ್ತವರ ಮಾತು ಯಾಕವ್ವ ಕೆದಕತಿ? ಮಾನ ಹೋದ್ರ ತಿರುಗಿ ಬರ್ತದೇನು?" ಎಂದರು. ಓಣಿಯ ಹಿರಿಯಳು ತಿಪ್ಪವ್ವನ ಬಳಿ ಹೋದೆ. ಮೊದಲ ಕುಂಚ ನಮ್ಮದಲ್ಲ, ಖಾಜಾಬಿಯ ಹೆಸರಿನಲ್ಲಿ ನಮ್ಮ ಓಣಿಯ ಮೇಲಿನ ಮಹಡಿಗಳ ಬಾಡಿಗೆಯವರು ಹಿಡಿಯಲಿ ಎಂದೆ. ತಿಪ್ಪವ್ವ ಪುಸ್ತಕ ಓದಿ ಕಣ್ಣೊರೆಸಿಕೊಂಡಳು, ನನ್ನ ತಲೆ ಸವರಿದಳು. "ನೀ ಹೇಳೋದು ಖರೇ ಅದವ್ವ. ನಾವ್ಯಾರೂ ಬ್ಯಾಡ ಅನ್ನಂಗಿಲ್ಲ. ಮುಂದಿನ ವರ್ಷ ಎಲ್ಲಾರೂ ಕೂಡಿ ಕುಂತು ಮಾತಾಡಮ್" ಎಂದಳು. ಅಜ್ಜಾ, ಇನ್ನೂರು ವರ್ಷದ ಹಿಂದಿನ ನಿಮ್ಮ ಸಭೆ ನನ್ನ ಕಣ್ಣೆದುರಿಗೆ ಎದ್ದು ಕೂತಿತು. ನಮ್ಮ ಮಾಳಿಗೆಗಳು ಬಿಳಿಯಾದ ಮಾತ್ರಕ್ಕೆ ನಾವು ನಿಮಗಿಂತ ಬೇರೆ ಜನ ಎಂದುಕೊಂಡಿದ್ದೆ. ಎಂಥ ಹುಚ್ಚಿ ನಾನು!

ನಾನು ಸಭೆ ಕರೆಯುವುದಿಲ್ಲ. ನಾಳೆ ಕುಂಚ ಕೈಗೆ ಬಂದೊಡನೆ ಅದನ್ನು ಕೆಳಗಿಟ್ಟು ಮೇ ಹನ್ನೊಂದರ ಪುಟ ಓದುತ್ತೇನೆ. ನಮ್ಮ ಮನೆತನದ ಮಾನ ಅಲ್ಲಿಗೆ ಮುಗಿಯುತ್ತದೆ. ಅಪ್ಪ ನನ್ನ ಜೊತೆ ಮಾತು ಬಿಡಬಹುದು. ನನಗೆ ಹೆದರಿಕೆಯಿದೆ, ಆದರೂ ಓದುತ್ತೇನೆ.

ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಈ ಕಾಗದ ಮೇ ಹತ್ತಕ್ಕಿಂತ ಮೊದಲು ನಿಮ್ಮ ಕೈ ಸೇರಿದರೆ, ಯಾರನ್ನೂ ಕೇಳಬೇಡಿ. ಮಾಳಿಗೆಯ ಕೀಲಿಕೈ ನಿಮ್ಮ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದೆ ಎಂದು ನೀವೇ ಬರೆದಿದ್ದೀರಿ. ತೆಗೆದುಕೊಳ್ಳಿ. ನಸುಕಿನಲ್ಲಿ ಎರಡು ಬಕೆಟ್ ನೀರು, ಒಂದು ಕುಂಚ ಸಾಕು. ನಾಲ್ಕನೆಯ ಮಹಡಿಯಲ್ಲಿ ನಿಂತು ಖಾಜಾಬಿಯನ್ನೂ ಕೂಗಿ, ಬರುತ್ತಾಳೆ. ಹೂಂ ಅಂದರೆ ತಾನೇ ಹಚ್ಚುತ್ತೇನೆ ಎಂದಿದ್ದಳಲ್ಲ.

ನೀವು ಹಚ್ಚಿದ್ದರೆ ನಾಳೆ ನಮ್ಮ ಓಣಿಯ ಬಾಯಲ್ಲಿ ಒಂದು ಕಲ್ಲಾದರೂ ಕಡಿಮೆ ಇರಬೇಕು. ಬೆಳಕು ಹರಿಯುತ್ತಲೇ ಹೋಗಿ ಎಣಿಸುತ್ತೇನೆ.

ಸುಗಲಾಬಾಯಿ